ಕುದುರೆಯನ್ನು ಬಯಲಿಗೆ ಒಂಟಿಯಾಗಿ ಬಿಡಬೇಕಾ, ಜೊತೆಯಲ್ಲಿ ಬಿಡಬೇಕಾ?

ನಮ್ಮ ಲಾಯಕ್ಕೆ ಕುದುರೆ ತಂದು ಬಿಡುವವರು ಮೊದಲು ಕೇಳುವುದು ತಿಂಗಳಿಗೆ ಎಷ್ಟು ಅಂತ. ಆಮೇಲೆ ತಪ್ಪದೆ ಬರುವ ಪ್ರಶ್ನೆ, "ಮೇಡಂ, ನಮ್ಮದನ್ನ ಬೇರೆ ಕುದುರೆಗಳ ಜೊತೆ ಬಿಡಲ್ಲ ತಾನೇ?" ಒದೆ ಬೀಳುತ್ತೆ, ಕಚ್ಚುತ್ತೆ, ಕಾಲು ಹೋಗುತ್ತೆ ಅನ್ನುವ ಭಯ. ಆ ಭಯ ಸುಳ್ಳೇನಲ್ಲ. ಲಾಳ ಹೊಡೆದ ಹಿಂಗಾಲಿನ ಒಂದು ಒದೆ ಸಾಕು, ಮೂಳೆ ಮುರಿಯುತ್ತದೆ. ಆದರೆ ಒದೆಗೆ ಹೆದರಿ ಕುದುರೆಯನ್ನು ಜೀವನಪೂರ್ತಿ ಒಂಟಿಯಾಗಿ ಇಡುವುದಕ್ಕೆ ನನ್ನ ಒಪ್ಪಿಗೆ ಇಲ್ಲ.

ನಮ್ಮದು ಮಾಗಡಿ ಕಡೆ ಒಂದು ಚಿಕ್ಕ ಲಾಯ. ರೇಸ್ ಬಿಟ್ಟು ಬಂದ ಥರೋಬ್ರೆಡ್‌ಗಳು, ಒಂದು ಮಾರ್ವಾಡಿ ಗಂಡು, ಒಂದು ಕಾಠಿಯಾವಾಡಿ ಹೆಣ್ಣು, ಮಕ್ಕಳು ಸವಾರಿ ಕಲಿಯುವ ಪೋನಿಗಳು, ಹೀಗೆ ಎಲ್ಲಾ ಥರದ್ದೂ ಇವೆ. ನನ್ನ ಅನುಭವದಲ್ಲಿ "ಒಂಟಿಯೋ, ಗುಂಪೋ" ಅಂತ ಶುರು ಮಾಡಿದರೆ ಉತ್ತರ ಸಿಗುವುದಿಲ್ಲ. ಯಾವ ಕುದುರೆ, ಯಾರ ಜೊತೆ, ಎಷ್ಟು ಜಾಗದಲ್ಲಿ, ಮೇವು ಹಾಕುವುದು ಹೇಗೆ, ಇವನ್ನು ಕೇಳಬೇಕು. ಬಯಲಲ್ಲಿ ಆಗುವ ಗಾಯಗಳಲ್ಲಿ ಬಹಳಷ್ಟಕ್ಕೆ ಕುದುರೆಯ ಸ್ವಭಾವ ಕಾರಣ ಅಲ್ಲ. ಇಕ್ಕಟ್ಟಾದ ಮೂಲೆ, ಒಂದೇ ಒಂದು ಹುಲ್ಲಿನ ರಾಶಿ, ಮುಳ್ಳುತಂತಿ, ಇವು ಕಾರಣ.

ಒಂಟಿ ಕುದುರೆ ಏನು ಹೇಳುತ್ತಿದೆ ನೋಡಿ

ಕುದುರೆ ಗುಂಪಿನ ಪ್ರಾಣಿ ಅಂತ ಎಲ್ಲರಿಗೂ ಗೊತ್ತು. ಆದರೆ ಗುಂಪು ಅದಕ್ಕೆ ಯಾಕೆ ಬೇಕು ಅನ್ನುವುದು ನಿದ್ದೆ ನೋಡಿದರೆ ಚೆನ್ನಾಗಿ ಗೊತ್ತಾಗುತ್ತದೆ. ಕುದುರೆ ನಿಂತೇ ತೂಕಡಿಸುತ್ತದೆ, ನಿಜ. ಆದರೆ ಕನಸು ಬೀಳುವಂಥ ಗಾಢ ನಿದ್ದೆಗೆ ಅದು ನೆಲಕ್ಕೆ ಮಲಗಲೇಬೇಕು. ಭಯ ಇದ್ದರೆ ಮಲಗುವುದಿಲ್ಲ. ಗುಂಪಿನಲ್ಲಿ ಒಂದೆರಡು ಮಲಗಿದಾಗ ಇನ್ನೊಂದು ನಿಂತು ಕಾಯುತ್ತದೆ. ಒಂಟಿ ಕುದುರೆಗೆ ಕಾಯುವವರು ಯಾರು? ಅದಕ್ಕೇ ಬೆಳಿಗ್ಗೆ ಉಜ್ಜುವ ಮೊದಲು ನಾನು ಪಕ್ಕೆ ನೋಡುತ್ತೇನೆ. ಪಕ್ಕೆಗೆ ಮಣ್ಣೋ ಹುಲ್ಲಿನ ಎಸಳೋ ಅಂಟಿದ್ದರೆ ರಾತ್ರಿ ಮಲಗಿದೆ ಅಂತ ಅರ್ಥ. ವಾರಗಟ್ಟಲೆ ಮೈ ಸ್ವಚ್ಛವಾಗೇ ಇದ್ದು, ಮುಂಗಾಲಿನ ಗಿಣ್ಣಿನ ಮೇಲೆ ಮಾತ್ರ ತರಚಿದ ಗಾಯ ಇದ್ದರೆ ಎಚ್ಚರ ವಹಿಸಿ. ನಿಂತಲ್ಲೇ ನಿದ್ದೆ ಹತ್ತಿ ಮಂಡಿ ಕುಸಿದು ಏಳುತ್ತಿರಬಹುದು. ಕೀಲು ನೋವಿದ್ದರೂ ಕುದುರೆ ಮಲಗುವುದಿಲ್ಲ, ಹಾಗಾಗಿ ಡಾಕ್ಟರಿಗೂ ಒಮ್ಮೆ ತೋರಿಸಿ.

ಬೇರೆ ಗುರುತುಗಳೂ ಇವೆ. ಬೇಲಿ ಪಕ್ಕ ಹುಲ್ಲು ಸವೆದು ದಾರಿ ಬಿದ್ದಿರುತ್ತದೆ. ಲದ್ದಿ ಒಂದು ಕಡೆ ಬೀಳದೆ ಆ ದಾರಿಯುದ್ದಕ್ಕೂ ಚೆಲ್ಲಾಡಿರುತ್ತದೆ. ಮುಂದೆ ಹುಲ್ಲಿದ್ದರೂ ಎರಡು ಬಾಯಿ ತಿಂದು ತಲೆ ಎತ್ತಿ ಕೆನೆಯುತ್ತದೆ. ಗೇಟಿನ ಹತ್ತಿರ ನಿಂತು ಮೈಯನ್ನು ಎಡಕ್ಕೆ ಬಲಕ್ಕೆ ತೂಗುತ್ತಿರುತ್ತದೆ. ಮಾಲೀಕರು ಇದನ್ನು ನೋಡಿ "ಬಯಲು ಇಷ್ಟ ಇಲ್ಲ ಇದಕ್ಕೆ, ಒಳಗೇ ಇರಲಿ" ಅಂದುಬಿಡುತ್ತಾರೆ. ಬಯಲಿನ ಮೇಲೆ ಅದಕ್ಕೇನೂ ಬೇಸರ ಇರುವುದಿಲ್ಲ, ಒಂಟಿಯಾಗಿ ನಿಲ್ಲುವುದು ಕಷ್ಟವಾಗಿರುತ್ತದೆ.

ಇನ್ನೊಂದು ಮಾತು. ಎರಡು ಕುದುರೆ ಎದುರುಬದುರು ನಿಂತು, ಕತ್ತು ಬೆನ್ನು ಸೇರುವ ಜಾಗದಲ್ಲಿ ಒಂದಕ್ಕೊಂದು ಹಲ್ಲಿನಿಂದ ಕೆರೆಯುವುದನ್ನು ನೋಡಿರುತ್ತೀರಿ. ಆ ಜಾಗದಲ್ಲಿ ಕೆರೆದರೆ ಕುದುರೆಯ ಎದೆಬಡಿತ ಇಳಿಯುತ್ತದೆ ಅಂತ ಫ್ರಾನ್ಸಿನ ಕಮಾರ್ಗ್ ಕುದುರೆಗಳ ಮೇಲೆ ಮಾಡಿದ ಅಧ್ಯಯನವೊಂದು 1993ರಲ್ಲೇ ತೋರಿಸಿದೆ. ನೀವೂ ಬ್ರಶ್ ಹಿಡಿದು ಆ ಜಾಗ ಉಜ್ಜಿ ನೋಡಿ, ಮೇಲ್ದುಟಿ ಉದ್ದವಾಗಿ ಚಾಚಿ ನಡುಗುತ್ತದೆ. ಆದರೆ ನಾವು ಉಜ್ಜುವುದು ದಿನಕ್ಕೆ ಎಷ್ಟು ಹೊತ್ತು? ಸ್ವಿಟ್ಜರ್ಲೆಂಡಿನಲ್ಲಂತೂ ಕುದುರೆಗೆ ಇನ್ನೊಂದು ಕುದುರೆ ಕಾಣಬೇಕು, ಕೇಳಬೇಕು, ಅದರ ವಾಸನೆ ಸಿಗಬೇಕು ಅಂತ ಕಾನೂನೇ ಇದೆ.

ಯಾವುದನ್ನು ಬೇರೆ ಬಿಡಲೇಬೇಕು

ಇಲ್ಲಿ ಮುಲಾಜು ಬೇಡ. ಬೀಜ ತೆಗೆಸದ ಗಂಡು, ಅಂದರೆ ಸ್ಟಾಲಿಯನ್, ಹೆಣ್ಣುಗಳಿರುವ ಜಾಗದಲ್ಲಿ ಬೇರೆಯೇ ಇರಬೇಕು. ನಮ್ಮ ದೇಶದಲ್ಲಿ ಮಾರ್ವಾಡಿ, ಕಾಠಿಯಾವಾಡಿ ಗಂಡುಗಳಿಗೆ ಬೀಜ ತೆಗೆಸುವುದು ಕಡಿಮೆ. ಎಷ್ಟೋ ಕಡೆ ಅಗಾಡಿ ಪಿಛಾಡಿ ಹಗ್ಗದಲ್ಲಿ ಮುಂದೆ ಹಿಂದೆ ಕಟ್ಟೇ ಸಾಕುತ್ತಾರೆ. ಅಂಥದ್ದನ್ನು ಏಕಾಏಕಿ ಬಿಚ್ಚಿ ಗುಂಪಿಗೆ ಬಿಟ್ಟರೆ ಏನಾಗುತ್ತದೆ ಅಂತ ಹೇಳಬೇಕಾಗಿಲ್ಲ. ಸ್ವಿಟ್ಜರ್ಲೆಂಡಿನ ಅವಾಂಶ್‌ನಲ್ಲಿರುವ ರಾಷ್ಟ್ರೀಯ ಅಶ್ವಕೇಂದ್ರದಲ್ಲಿ ತಳಿ ಗಂಡುಗಳನ್ನೇ ಒಟ್ಟಿಗೆ ದೊಡ್ಡ ಹುಲ್ಲುಗಾವಲಿಗೆ ಬಿಟ್ಟು ನೋಡಿದ್ದಾರೆ, ಕೆಲವೇ ದಿನಗಳಲ್ಲಿ ಜಗಳ ತಣ್ಣಗಾಗಿದೆ. ಅದನ್ನು ಓದಿ ಹುಮ್ಮಸ್ಸಿಗೆ ಬಿದ್ದವರು ನನಗೆ ಫೋನ್ ಮಾಡಿದ್ದೂ ಇದೆ. ಆ ಸ್ವಿಸ್ ಕೇಂದ್ರದವರ ಜಾಗ ಎಷ್ಟು, ನಮ್ಮ ಜಾಗ ಎಷ್ಟು! ಅವರು ಮೊದಲು ಪಕ್ಕಪಕ್ಕದಲ್ಲಿಟ್ಟು ಪರಿಚಯ ಮಾಡಿಸಿದ್ದರು, ನೋಡುವುದಕ್ಕೆ ತಿಳಿದವರಿದ್ದರು. ಹದಿನೈದು ಗುಂಟೆಯಲ್ಲಿ ಆ ಸಾಹಸ ಬೇಡ.

ನಮ್ಮ ಮಾರ್ವಾಡಿ ಬಾದಲ್‌ಗೆ ಪ್ರತ್ಯೇಕ ಅಂಗಳ ಇದೆ. ಅವನಿಗೂ ಪಕ್ಕದ ಅಂಗಳದ ಕುದುರೆಗಳು ಕಾಣುತ್ತವೆ. ಮಧ್ಯೆ ಎರಡು ಬೇಲಿ, ಅವೆರಡರ ನಡುವೆ ಒಬ್ಬ ಮನುಷ್ಯ ತಳ್ಳುಗಾಡಿ ತಳ್ಳಿಕೊಂಡು ಆರಾಮವಾಗಿ ಹೋಗುವಷ್ಟು ಓಣಿ. ಪಕ್ಕದಲ್ಲಿ ಇರುವುದು ಶಾಂತ ಸ್ವಭಾವದ ಗೆಲ್ಡಿಂಗ್, ಅಂದರೆ ಬೀಜ ತೆಗೆಸಿದ ಗಂಡು. ಹೆಣ್ಣುಗಳು ಗಾಳಿ ಬೀಸಿ ಹೋಗುವ ಆಚೆ ಬದಿಗೆ, ವಾಸನೆ ಅವನಿಗೆ ಬಾರದ ಹಾಗೆ. ಅವನನ್ನು ತಳಿಗೆ ಬಳಸುವ ಯೋಚನೆ ಇಲ್ಲದಿದ್ದರೆ ಬೀಜ ತೆಗೆಸಿಬಿಡಿ ಅಂತ ಮಾಲೀಕರಿಗೆ ಹೇಳುತ್ತಲೇ ಇದ್ದೇನೆ. "ಗಂಡಸ್ತನ ಹೋಗಿಬಿಡುತ್ತೆ ಮೇಡಂ" ಅನ್ನುತ್ತಾರೆ. ಒಂಟಿತನ ಅವರಿಗಲ್ಲವಲ್ಲ. ಅಂದಹಾಗೆ, ಬೀಜ ತೆಗೆಸಿದ ಮರುದಿನವೇ ಹೆಣ್ಣುಗಳ ಜೊತೆ ಬಿಡುವಂತಿಲ್ಲ. ಒಳಗೆ ಉಳಿದ ವೀರ್ಯದಿಂದ ಗಬ್ಬ ನಿಲ್ಲಬಹುದು, ಹಳೇ ಹಾರ್ಮೋನೂ ಇಳಿಯಬೇಕು. ಕನಿಷ್ಠ ಆರು ವಾರ ತಡೆಯಿರಿ.

ಗಾಯ ಆಗಿ ವಿಶ್ರಾಂತಿಯಲ್ಲಿರುವುದು, ಲ್ಯಾಮಿನೈಟಿಸ್ (ಗೊರಸಿನ ಒಳಗಿನ ಉರಿಯೂತ) ಆಗಿ ಮೇವು ಅಳೆದು ಹಾಕಬೇಕಾದದ್ದು, ಹಲ್ಲು ಸವೆದು ನಿಧಾನಕ್ಕೆ ತಿನ್ನುವ ಮುದಿ ಕುದುರೆ, ಹೊಸದಾಗಿ ಬಂದದ್ದು, ಇವೂ ಬೇರೆಯೇ. ಬೇರೆ ಅಂದರೆ ಗೋಡೆ ಹಿಂದೆ ಅಲ್ಲ. ಬೇಲಿಯಾಚೆ ಒಂದು ಗೆಳೆಯ ಇರಲಿ. ಹೊಸದಕ್ಕೆ ಮಾತ್ರ ಮೂಗಿಗೆ ಮೂಗು ತಾಗದಷ್ಟು ದೂರ ಬೇಕು, ಕಾರಣ ಮುಂದೆ ಹೇಳುತ್ತೇನೆ.

ರೇಸ್ ಕುದುರೆಗಳ ವಿಷಯ ಸ್ವಲ್ಪ ವಿವರವಾಗಿ ಹೇಳಬೇಕು, ಯಾಕೆಂದರೆ ಬೆಂಗಳೂರು, ಮೈಸೂರು ಸುತ್ತಮುತ್ತ ಸವಾರಿ ಶಾಲೆಗಳಿಗೆ ಬರುವ ಕುದುರೆಗಳಲ್ಲಿ ಇವೇ ಜಾಸ್ತಿ. "ರೇಸ್ ಕುದುರೆ ಮೇಡಂ, ಒಂಟಿಯಾಗಿದ್ದೇ ಅಭ್ಯಾಸ" ಅನ್ನುತ್ತಾರೆ. ಅರ್ಧ ಮಾತ್ರ ನಿಜ. ಕುಣಿಗಲ್‌ನಂಥ ಸ್ಟಡ್ ಫಾರ್ಮಿನ ಬಯಲುಗಳನ್ನು ನೆನಪಿಸಿಕೊಳ್ಳಿ. ಟಿಪ್ಪು ಕಾಲದಿಂದ ಕುದುರೆ ಸಾಕಿದ ನೆಲ ಅದು, 400 ಎಕರೆಗೂ ಜಾಸ್ತಿ. ಇಂಥ ಫಾರ್ಮುಗಳಲ್ಲಿ ಮರಿ ಹುಟ್ಟುವುದೇ ತಾಯಂದಿರ ಗುಂಪಿನ ನಡುವೆ. ಐದಾರು ತಿಂಗಳಿಗೆ ಹಾಲು ಬಿಡಿಸಿದ ಮೇಲೂ ಓರಗೆಯ ಮರಿಗಳ ಜೊತೆ ಓಡಾಡಿಕೊಂಡೇ ಬೆಳೆಯುತ್ತದೆ. ತರಬೇತಿಗೆ ಹೋದ ಮೇಲೆ ತಾನೇ ಒಂಟಿ ಬಾಕ್ಸು (ಒಂದೇ ಕುದುರೆ ನಿಲ್ಲುವ ಕೋಣೆ), ಬೆಳಗಿನ ಕಸರತ್ತು ಬಿಟ್ಟರೆ ದಿನವಿಡೀ ಅಲ್ಲೇ. ಅಂದರೆ ಗುಂಪಿನ ನಡವಳಿಕೆ ಅದಕ್ಕೆ ಗೊತ್ತು, ಬಳಕೆ ತಪ್ಪಿದೆ ಅಷ್ಟೇ. ಹಾಗಾಗಿ ಇದಕ್ಕೆ ಮೊದಲು ಕಲಿಸಬೇಕಾದದ್ದು ಬಯಲನ್ನು. ನಮ್ಮ ರಾಕೆಟ್ ಬಂದಾಗ ಮೊದಲು ಹಗ್ಗದಲ್ಲಿ ಹಿಡಿದೇ ಬೇಲಿಯುದ್ದಕ್ಕೂ ಸುತ್ತಾಡಿಸಿ, ಕೈಯಲ್ಲಿ ಹಿಡಿದೇ ಗರಿಕೆ ಮೇಯಿಸಿದೆವು. ಆಮೇಲೆ ಲಂಜ್ ಮಾಡುವ, ಅಂದರೆ ಉದ್ದ ಹಗ್ಗದಲ್ಲಿ ಹಿಡಿದು ಸುತ್ತ ಓಡಿಸುವ, ದುಂಡು ಅಂಗಳದಲ್ಲಿ ಹುಲ್ಲು ಹಾಕಿ ಬಿಟ್ಟೆವು. ದೊಡ್ಡ ಬಯಲು ಕೊನೆಗೆ. ವರ್ಷಗಟ್ಟಲೆ ಬಾಕ್ಸಿನಲ್ಲಿದ್ದ ಕುದುರೆಯನ್ನು ಮೊದಲ ದಿನವೇ ಎರಡು ಎಕರೆಗೆ ಬಿಟ್ಟರೆ ಅದು ಪೂರ್ತಿ ವೇಗದಲ್ಲಿ ಓಡುತ್ತದೆ, ಬೇಲಿ ಎಲ್ಲಿದೆ ಅಂತ ಗೊತ್ತಿರುವುದಿಲ್ಲ.

ಜಾಗ, ಬೇಲಿ, ಮೇವು

ಹುಲ್ಲಿನ ಮೇಲೇ ಕುದುರೆ ಬದುಕಬೇಕಾದರೆ ತಲೆಗೆ ಒಂದು ಎಕರೆಗೂ ಮೇಲೆ ಬೇಕು. ಬೆಂಗಳೂರಿನ ಸುತ್ತ ಈಗಿನ ಭೂಮಿ ಬೆಲೆಗೆ ಅದು ಕನಸು. ನಾವೆಲ್ಲ ಗುಂಟೆ ಲೆಕ್ಕದವರು, ಮೇವು ಹೊರಗಿಂದ ತಂದು ಹಾಕುವವರು. ಹಾಗಾಗಿ ಬಯಲು ಅಂದರೆ ನಮಗೆ ಮೇಯುವ ಜಾಗಕ್ಕಿಂತ ಓಡಾಡುವ ಜಾಗ. ನನ್ನ ಅಂದಾಜು ಹೇಳುತ್ತೇನೆ, ಇದು ನಿಯಮ ಅಲ್ಲ: ಹತ್ತು ಗುಂಟೆಗಿಂತ ಚಿಕ್ಕ ಅಂಗಳಕ್ಕೆ ಒಂದಕ್ಕೊಂದು ಚೆನ್ನಾಗಿ ಗೊತ್ತಿರುವ ಜೋಡಿ ಸಾಕು, ಮೂರನೆಯದು ಬೇಡ. ಅರ್ಧ ಎಕರೆ ಇದ್ದರೆ ಮೂರು ನಾಲ್ಕು ಒಟ್ಟಿಗೆ ಇರಬಹುದು. ಅಗಲಕ್ಕಿಂತ ಆಕಾರ ಮುಖ್ಯ. ಓಡಿ ತಪ್ಪಿಸಿಕೊಳ್ಳಲು ದಾರಿ ಇರಬೇಕು. ಚೂಪಾದ ಮೂಲೆ ಇದ್ದರೆ ಅಲ್ಲಿ ಎರಡು ಗಳ ಅಡ್ಡ ಕಟ್ಟಿ ಮೊಂಡು ಮಾಡಿ. ಸಿಕ್ಕಿಹಾಕಿಕೊಂಡ ಕುದುರೆ ಒದೆಯುತ್ತದೆ, ಇಲ್ಲಾ ಬೇಲಿ ಹಾರುತ್ತದೆ.

ನಮ್ಮ ಕಡೆ ಜಮೀನಿಗೆ ಬೇಲಿ ಅಂದರೆ ಕಲ್ಲುಕಂಬ, ಮುಳ್ಳುತಂತಿ. ಹಸುವಿಗೆ ನಡೆಯುತ್ತದೆ, ಕುದುರೆಗೆ ಬೇಡವೇ ಬೇಡ. ಹಸು ತಂತಿ ತಾಗಿದರೆ ಹಿಂದೆ ಸರಿಯುತ್ತದೆ. ಕುದುರೆ ಹೆದರಿ ಓಡುತ್ತದೆ, ಕಾಲು ಸಿಕ್ಕಿದರೆ ಎಳೆಯುತ್ತದೆ, ಎಳೆದಷ್ಟೂ ಚರ್ಮ ಸೀಳುತ್ತದೆ. ಜಮೀನು ಬಾಡಿಗೆಗೆ ತಗೊಂಡಿದ್ದು ತಂತಿ ಕೀಳುವಂತಿಲ್ಲ ಅಂದರೆ ಅದರ ಒಳಗೆ ಆರೇಳು ಅಡಿ ಬಿಟ್ಟು ಇನ್ನೊಂದು ಬೇಲಿ ಹಾಕಿ. ಸರ್ವೆ ಗಳ ಅಥವಾ ನೀಲಗಿರಿ ಗಳ ಸಾಕು. ನಾಲ್ಕೂವರೆ ಅಡಿ ಎತ್ತರ, ಗಳಗಳನ್ನು ಒಳಬದಿಗೆ ಹೊಡೆಯಬೇಕು. ಕುದುರೆ ಒರಗಿದಾಗ ಮೊಳೆ ಕಿತ್ತು ಬರಬಾರದು ನೋಡಿ. ಹಂದಿ ಕಾಟಕ್ಕೆ ರೈತರು ಹಾಕುವ ಸೋಲಾರ್ ಝಟ್ಕಾ ಬೇಲಿಯನ್ನೂ ಬಳಸಬಹುದು, ಆದರೆ ಸಣ್ಣ ತಂತಿ ಕುದುರೆ ಕಣ್ಣಿಗೆ ಬೀಳುವುದಿಲ್ಲ. ಅಗಲವಾದ ಬಿಳಿ ಪಟ್ಟಿ ಹಾಕಿ. ಬೇಲಿ ಸಾಲಿನಲ್ಲಿ ಅಂದಕ್ಕೆ ನೆಟ್ಟ ಕಣಗಿಲೆ ಗಿಡ ಇದ್ದರೆ ಬುಡಸಮೇತ ಕಿತ್ತು ಹಾಕಿ, ಅದು ಕುದುರೆಗೆ ವಿಷ. ಒಣಗಿದ ಎಲೆಯೂ ವಿಷವೇ.

ಜಗಳದ ಮೂಲ ಮಾತ್ರ ಮೇವು. ಮೂರು ಕುದುರೆಗೆ ನಾಲ್ಕು ರಾಶಿ ಹುಲ್ಲು, ನಾಲ್ಕಕ್ಕೆ ಐದು. ಯಾವಾಗಲೂ ಒಂದು ಜಾಸ್ತಿ. ರಾಶಿಯಿಂದ ರಾಶಿಗೆ ಹದಿನೈದು ಇಪ್ಪತ್ತು ಅಡಿ, ಅಂದರೆ ಒಂದು ತಿನ್ನುತ್ತಾ ಹಿಂಗಾಲು ಬೀಸಿದರೂ ಇನ್ನೊಂದಕ್ಕೆ ತಾಗಬಾರದು. ಗಟ್ಟಿಗಿತ್ತಿ ಒಂದು ರಾಶಿಯಿಂದ ಇನ್ನೊಂದನ್ನು ಓಡಿಸಿದರೆ, ಓಡಿದ್ದಕ್ಕೆ ಖಾಲಿ ರಾಶಿ ಸಿಗಬೇಕು. ಸಾಲಾಗಿ ಹಾಕಬೇಡಿ, ಚೌಕವಾಗಿ ಚದುರಿಸಿ. ನಾನೂರು ಕೆಜಿ ಕುದುರೆಗೆ ದಿನಕ್ಕೆ ಆರರಿಂದ ಎಂಟು ಕೆಜಿ ಒಣಹುಲ್ಲು ಬೇಕು. ಅದನ್ನು ಒಂದೇ ಸಲ ಸುರಿಯದೆ ಮೂರು ನಾಲ್ಕು ಹೊತ್ತು ಹಂಚಿದರೆ ಹೊಟ್ಟೆಗೂ ಒಳ್ಳೆಯದು, ಜಗಳವೂ ಕಡಿಮೆ. ತಾನಾಗಿ ಬಿಟ್ಟರೆ ಕುದುರೆ ದಿನದಲ್ಲಿ ಸುಮಾರು 16 ಗಂಟೆ ಮೇಯುವ ಪ್ರಾಣಿ, ಬಾಯಿ ಖಾಲಿ ಇದ್ದಾಗ ತಂಟೆ ಹುಡುಕುತ್ತದೆ.

ಹುರುಳಿ, ಬೂಸಾ, ಓಟ್ಸ್ ಮಾತ್ರ ಯಾವತ್ತೂ ಬಯಲಿಗೆ ತರಬೇಡಿ. ಲಾಯದೊಳಗೆ, ಅವರವರ ಜಾಗದಲ್ಲಿ. ಭಾನುವಾರ ಬರುವ ಕುಟುಂಬಗಳಿಗೂ ಇದೇ ಮಾತು. ಕ್ಯಾರೆಟ್ ಚೀಲ ಹಿಡಿದು ಮಗುವನ್ನು ಕರೆದುಕೊಂಡು ನಾಲ್ಕು ಕುದುರೆಗಳ ನಡುವೆ ಹೋದರೆ ಕ್ಯಾರೆಟ್‌ಗೆ ಬೀಸಿದ ಒದೆ ಮಗುವಿಗೆ ಬೀಳುತ್ತದೆ. ನಮ್ಮಲ್ಲಿ ಗೇಟಿನ ಹೊರಗೆ ಒಂದು ಬಕೆಟ್ ಇಟ್ಟಿದ್ದೇನೆ, ಕ್ಯಾರೆಟ್ ಅದರಲ್ಲಿ ಹಾಕಿ ಹೋಗಿ ಅನ್ನುತ್ತೇನೆ. ಮುಖ ದಪ್ಪ ಮಾಡಿಕೊಳ್ಳುತ್ತಾರೆ, ಮಾಡಿಕೊಳ್ಳಲಿ.

ಗೇಟಿನ ಬಗ್ಗೆಯೂ ಒಂದು ಮಾತು. ಸಂಜೆ ಮೇವಿನ ಹೊತ್ತಿಗೆ ಎಲ್ಲವೂ ಗೇಟಿಗೆ ಮುತ್ತುತ್ತವೆ, ನಮ್ಮ ಬಿಎಂಟಿಸಿ ಬಸ್ಸಿನ ಬಾಗಿಲ ಹಾಗೆ. ಗೇಟು ಮೂಲೆಯಲ್ಲಿದ್ದರೆ ಚಿಕ್ಕದು ಜಜ್ಜಿಹೋಗುತ್ತದೆ. ಬೇಲಿಯ ಮಧ್ಯಭಾಗಕ್ಕೆ ಗೇಟು ಇಡಿ. ಒಳಗೆ ಕರೆದುಕೊಂಡು ಹೋಗುವಾಗ ಗಟ್ಟಿಗರನ್ನು ಮೊದಲು, ಮೆದುಗರನ್ನು ಆಮೇಲೆ. ಕೊನೆಗೆ ಒಂದನ್ನೇ ಬಿಟ್ಟು ಹೋಗಬೇಡಿ, ಕೊನೆಯ ಎರಡನ್ನು ಒಟ್ಟಿಗೆ ಕರೆತನ್ನಿ.

ಜೋಡಿ ಮಾಡುವುದು

ಹೊಸ ಕುದುರೆ ಬಂದರೆ ಮೂರು ವಾರ ಪ್ರತ್ಯೇಕ. ಬೇರೆ ಬಕೆಟ್, ಬೇರೆ ಬ್ರಶ್, ಸೈಸ್ (ಕುದುರೆ ನೋಡಿಕೊಳ್ಳುವವರು) ಅದನ್ನು ಕೊನೆಗೆ ಮುಟ್ಟಬೇಕು. ದಿನಾ ಜ್ವರ ನೋಡಿ. 99ರಿಂದ 101 ಡಿಗ್ರಿ ಫ್ಯಾರನ್‌ಹೀಟ್ ಒಳಗಿದ್ದರೆ ಸರಿ. ಗಂಟಲ ಕೆಳಗೆ ಗಂಟು, ಮೂಗಲ್ಲಿ ಕೀವಿನಂಥ ಸುರಿತ ಕಂಡರೆ ಡಾಕ್ಟರಿಗೆ ಫೋನ್ ಮಾಡಿ. ಗ್ಲ್ಯಾಂಡರ್ಸ್‌ಗೆ ರಕ್ತ ಪರೀಕ್ಷೆ ಮಾಡಿಸಿದ ಪತ್ರ ಇಲ್ಲದ ಕುದುರೆಯನ್ನು ನಾನು ಗೇಟಿನ ಒಳಗೇ ಬಿಡುವುದಿಲ್ಲ. ಆ ರೋಗ ಮನುಷ್ಯರಿಗೂ ಬರುತ್ತದೆ, ಬಂದರೆ ಸರ್ಕಾರಕ್ಕೆ ತಿಳಿಸಲೇಬೇಕು. ಸರ್ರಾ ಅನ್ನುವ ಇನ್ನೊಂದು ರೋಗ ಹರಡುವುದು ಕಚ್ಚುವ ನೊಣಗಳಿಂದ, ಮಳೆಗಾಲದಲ್ಲಿ ಅದರ ಮೇಲೂ ಕಣ್ಣಿರಲಿ.

ಆಮೇಲೆ ಗುಂಪಿನಲ್ಲಿ ಅತಿ ಶಾಂತವಾದ ಒಂದನ್ನು ಆರಿಸಿ. ಗುಂಪಿನ ಯಜಮಾನನನ್ನಲ್ಲ, ಅತಿ ಮೆದುವನ್ನೂ ಅಲ್ಲ. ನಮ್ಮಲ್ಲಿ ಆ ಕೆಲಸ ಗಂಗಿಯದು, ವಯಸ್ಸಾದ ಪೋನಿ ಹೆಣ್ಣು. ಯಾರು ಬಂದರೂ ಒಮ್ಮೆ ಕಿವಿ ಹಿಂದಕ್ಕೆ ಮಾಡಿ ಗಡಿ ಹೇಳಿ, ಹುಲ್ಲಿಗೆ ಬಾಯಿ ಹಾಕುತ್ತಾಳೆ. ಒಂದು ವಾರ ಇಬ್ಬರನ್ನೂ ಅಕ್ಕಪಕ್ಕದ ಅಂಗಳದಲ್ಲಿ ಬಿಡಿ. ನಡುವಿನ ಬೇಲಿ ಗಳದ್ದೇ ಆಗಿರಬೇಕು, ಕಾಲು ತೂರುವ ಸಂದು ಇರಬಾರದು. ಇಬ್ಬರೂ ಬೇಲಿಯ ಹತ್ತಿರ ನಿಂತು ಸುಮ್ನೆ ಮೇಯುವುದು, ಬೇಲಿ ಮೇಲಿಂದ ಕೆರೆದುಕೊಳ್ಳುವುದು ಕಂಡರೆ ಮುಂದಿನ ಹೆಜ್ಜೆ. ಇಬ್ಬರು ಮನುಷ್ಯರು ಒಂದೊಂದನ್ನು ಹಿಡಿದು ಸಮಾನಾಂತರವಾಗಿ ನಡೆಸಿ, ಮೂಗಿಗೆ ಮೂಗು ಹಚ್ಚಲು ಬಲವಂತ ಬೇಡ. ಕೈಯಲ್ಲಿ ಹಗ್ಗ ಇರುವಾಗ ಮುಂಗಾಲು ಬೀಸಿದರೆ ಅದು ನಿಮಗೇ ಬೀಳುತ್ತದೆ.

ಬಿಡುವ ದಿನ ಹಿಂಗಾಲಿನ ಲಾಳ ತೆಗೆಸಿರಿ. ಲಾಳ ಹೊಡೆಯುವವರು ಹೇಗೂ ಐದಾರು ವಾರಕ್ಕೊಮ್ಮೆ ಬರುತ್ತಾರೆ, ಆ ದಿನಕ್ಕೆ ಹೊಂದಿಸಿಕೊಳ್ಳಿ. ನಮ್ಮ ಮೆದು ಮಣ್ಣಿನಲ್ಲಿ ವಾರಕ್ಕೆ ನಾಲ್ಕು ದಿನ ಸವಾರಿ ಮಾಡುವ ಕುದುರೆಗೆ ಹಿಂದೆ ಲಾಳ ಇಲ್ಲದೆಯೂ ನಡೆಯುತ್ತದೆ. ಹೆಡ್‌ಕಾಲರ್ (ಹಿಡಿಯಲು ತಲೆಗೆ ಹಾಕುವ ಪಟ್ಟಿ) ಬಿಚ್ಚಿ. ನೈಲಾನ್ ಹೆಡ್‌ಕಾಲರ್ ಗಳಕ್ಕೋ ಇನ್ನೊಂದರ ಗೊರಸಿಗೋ ಸಿಕ್ಕಿದರೆ ಕತ್ತು ಹೋಗುತ್ತದೆ. ಹಿಡಿಯಲು ಕಷ್ಟ ಕೊಡುವ ಕುದುರೆ ಆದರೆ ಎಳೆದರೆ ಕಿತ್ತು ಬರುವಂಥ ಹಳೇ ಚರ್ಮದ್ದು ಹಾಕಿ. ಬೆಳಿಗ್ಗೆ ಸವಾರಿ ಮುಗಿಸಿ, ಅರ್ಧ ಹೊಟ್ಟೆ ಹುಲ್ಲು ತಿನ್ನಿಸಿ ಬಿಡಿ. ಹಸಿದದ್ದನ್ನೂ ಬಿಡಬೇಡಿ, ಚೈತನ್ಯ ಉಕ್ಕುತ್ತಿರುವುದನ್ನೂ ಬಿಡಬೇಡಿ. ಇರುವುದರಲ್ಲೇ ದೊಡ್ಡ ಬಯಲಿಗೆ ಬಿಡಿ. ಹೊಸದು ಮೊದಲು ಹೋಗಿ ಬೇಲಿ ನೋಡಿಕೊಳ್ಳಲಿ, ಆಮೇಲೆ ಹಳೆಯದು.

ಈಗ ಏನು ನೋಡಬೇಕು? ಮೂಗಿಗೆ ಮೂಗು ಹಚ್ಚುತ್ತವೆ, ಕೀರಲು ದನಿ ಬರುತ್ತದೆ, ಮುಂಗಾಲು ನೆಲಕ್ಕೆ ಬಡಿಯುತ್ತದೆ, ಎರಡು ಸುತ್ತು ಓಡುತ್ತವೆ. ನೋಡುವವರ ಎದೆ ಝಲ್ ಅನ್ನುತ್ತದೆ, ಕುದುರೆಗೆ ಅದು ಮಾಮೂಲು. ಹತ್ತಿಪ್ಪತ್ತು ನಿಮಿಷದಲ್ಲಿ ದೂರ ದೂರ ನಿಂತು ಮೇಯಲು ಶುರು ಮಾಡುತ್ತವೆ. ಕಿವಿ ಹಿಂದಕ್ಕೆ ಹೋದಾಗ ಎದುರಿನದು ಸರಿದು ನಿಂತರೆ ಅಲ್ಲಿಗೆ ಮಾತು ಮುಗಿಯಿತು. ಆತಂಕ ಪಡಬೇಕಾದದ್ದು ಬೇರೆ. ತಲೆಯನ್ನು ನೆಲಮಟ್ಟಕ್ಕೆ ಇಳಿಸಿ, ಕಿವಿ ಪೂರ್ತಿ ಅಂಟಿಸಿ, ಹಾವಿನಂತೆ ಕತ್ತು ಚಾಚಿ ಒಂದು ಅಟ್ಟಿಸಿಕೊಂಡು ಹೋಗುತ್ತಿದೆ; ಇನ್ನೊಂದು ಸರಿದರೂ ಬಿಡುತ್ತಿಲ್ಲ. ನೀರಿನ ತೊಟ್ಟಿಗೆ ಬರಲು ಬಿಡುತ್ತಿಲ್ಲ. ಅರ್ಧ ಗಂಟೆ ಆದರೂ ಬೆವರು ಆರಿಲ್ಲ. ಇವು ಕಂಡರೆ ಬೇರೆ ಮಾಡಿ. ನಡುವೆ ನುಗ್ಗಬೇಡಿ, ಗೇಟಿನ ಹತ್ತಿರದಲ್ಲಿರುವುದನ್ನು ಮೊದಲು ಹಿಡಿದು ಹೊರಗೆ ತನ್ನಿ. ನಮ್ಮ ಹಳೇ ಸೈಸ್ ಅಣ್ಣ ಕೈಯಲ್ಲಿ ಖಾಲಿ ಬಕೆಟ್ ಹಿಡಿದೇ ಬೇಲಿ ಪಕ್ಕ ನಿಲ್ಲುತ್ತಾರೆ. ಬಕೆಟ್ ತಟ್ಟಿದ ಸದ್ದಿಗೆ ಜಗಳ ಮರೆತು ತಲೆ ಎತ್ತದ ಕುದುರೆಯನ್ನು ನಾನಿನ್ನೂ ನೋಡಿಲ್ಲ.

ಮೊದಲ ವಾರ ಹಗಲು ಮಾತ್ರ, ಯಾರಾದರೂ ಕಣ್ಣಳತೆಯಲ್ಲಿ ಇರುವಾಗ ಮಾತ್ರ. ಜೋಡಿ ಕೂತುಕೊಂಡ ಮೇಲೆ ಮೂರನೆಯದನ್ನು ಸೇರಿಸಿ, ಅದೂ ಇದೇ ಕ್ರಮದಲ್ಲಿ. ನಾಲ್ಕನ್ನು ಒಂದೇ ದಿನ ಬಿಟ್ಟು "ಅವೇ ನೋಡ್ಕೊಳ್ತವೆ" ಅನ್ನುವವರಿದ್ದಾರೆ. ನೋಡ್ಕೊಳ್ತವೆ, ಬಿಲ್ಲು ನಿಮಗೆ ಬರುತ್ತದೆ.

ಜೋಡಿಯಲ್ಲಿ ಒಂದು ತೊಂದರೆ ಇದೆ, ಹೇಳಿಬಿಡುತ್ತೇನೆ. ಎರಡೇ ಇದ್ದರೆ ಅಂಟಿಕೊಳ್ಳುತ್ತವೆ. ಒಂದನ್ನು ಸವಾರಿಗೆ ಕರೆದೊಯ್ದರೆ ಇನ್ನೊಂದು ಬೇಲಿ ಮುರಿಯುವಷ್ಟು ಕೂಗುತ್ತದೆ. ಚುಕ್ಕಿ ಅಂತ ನಮ್ಮ ಕಾಠಿಯಾವಾಡಿ, ಗಂಗಿ ಕಣ್ಮರೆಯಾದರೆ ಆ ಒಳಬಾಗಿದ ಕಿವಿ ತುದಿಗಳು ಒಂದಕ್ಕೊಂದು ತಾಗುವಂತೆ ನಿಮಿರಿಸಿ ಊರಿಗೆಲ್ಲ ಕೇಳುವಂತೆ ಕೆನೆಯುತ್ತಿದ್ದಳು. ಪರಿಹಾರ ಮತ್ತೆ ಒಂಟಿ ಮಾಡುವುದಲ್ಲ. ಐದು ನಿಮಿಷ ಬೇರೆ, ಹುಲ್ಲು ಮುಂದೆ ಇರುವಾಗ; ಮತ್ತೆ ಜೊತೆ. ದಿನಾ ಸ್ವಲ್ಪ ಸ್ವಲ್ಪ ಹೆಚ್ಚಿಸಿ. ಜಾಗ ಇದ್ದರೆ ಮೂರು ನಾಲ್ಕರ ಗುಂಪು ಜೋಡಿಗಿಂತ ನೆಮ್ಮದಿ, ಒಂದು ಹೋದರೂ ಜೊತೆ ಉಳಿಯುತ್ತದೆ. ಹೆಣ್ಣು ಬೆದೆಗೆ ಬರುವ ಚಕ್ರ ಸುಮಾರು 21 ದಿನದ್ದು. ಆ ದಿನಗಳಲ್ಲಿ ಕೆಲವು ಗೆಲ್ಡಿಂಗ್‌ಗಳೂ ಹೆಣ್ಣನ್ನು ಕಾಯಲು ಹೋಗಿ ಬೇರೆ ಗಂಡುಗಳನ್ನು ಓಡಿಸುತ್ತವೆ. ಅಂಥ ಒಂದು ಇದ್ದರೆ ಗಂಡು ಗುಂಪು, ಹೆಣ್ಣು ಗುಂಪು ಬೇರೆ ಮಾಡಿ. ಇಲ್ಲದಿದ್ದರೆ ಬೆರಕೆ ಗುಂಪು ನಡೆಯುತ್ತದೆ.

ಮಳೆ, ಬಿಸಿಲು, ಪಟಾಕಿ, ಚಿರತೆ

ಗುಂಪು ಸೇರಿಸಿದ್ದು ಬೇಸಿಗೆಯಲ್ಲಾದರೆ ಮಳೆಗಾಲದಲ್ಲಿ ಮತ್ತೆ ಲೆಕ್ಕ ಹಾಕಬೇಕು. ಕೆಂಪು ಮಣ್ಣು ನೆನೆದರೆ ಗೇಟಿನ ಹತ್ತಿರ ಕೆಸರು ಮೊಣಕಾಲಿಗೆ ಬರುತ್ತದೆ, ಅಟ್ಟಿಸಿಕೊಂಡ ಕುದುರೆ ಜಾರಿ ಬೀಳುತ್ತದೆ. ಗೇಟಿನ ಬಳಿ ಜಲ್ಲಿ, ಅದರ ಮೇಲೆ ಎಂ-ಸ್ಯಾಂಡ್ ಹಾಕಿಸಿ. ಜೋರು ಮಳೆ ಬಂದ ದಿನ ನಾನು ಗುಂಪನ್ನು ಎರಡೆರಡಾಗಿ ಒಡೆದು ಬಿಡುತ್ತೇನೆ. ಮಾರ್ಚ್, ಏಪ್ರಿಲ್‌ನಲ್ಲಿ ಬೆಳಿಗ್ಗೆ ಐದರಿಂದ ಒಂಬತ್ತು, ಮತ್ತೆ ಸಂಜೆ. ಒಂದೇ ಹೊಂಗೆ ಮರದ ನೆರಳಿದ್ದರೆ ನೆರಳಿಗೂ ಜಗಳ ಆಗುತ್ತದೆ, ನೆನಪಿರಲಿ.

ರಾಮನಗರ, ಮಾಗಡಿ ಕಡೆ ಚಿರತೆ ಓಡಾಟ ಇದೆ. ಮರಿ, ಪೋನಿಗಳನ್ನು ರಾತ್ರಿ ಹೊರಗೆ ಬಿಡುವುದಿಲ್ಲ, ಗುಂಪಿದ್ದರೂ ಅಷ್ಟೇ. ದೀಪಾವಳಿಯ ಮೂರು ರಾತ್ರಿ ಎಲ್ಲವೂ ಒಳಗೆ. ಗುಂಪಿನಲ್ಲಿ ಒಂದು ಬೆದರಿದರೆ ಎಲ್ಲವೂ ಓಡುತ್ತವೆ.

ಮಾಲೀಕರು ಒಪ್ಪದಿದ್ದರೆ

ಬೇರೆಯವರ ಕುದುರೆ ಇಟ್ಟುಕೊಂಡಿದ್ದರೆ ಬಾಯಿಮಾತು ಸಾಲದು. ಯಾವ ಕುದುರೆ ಜೊತೆ ಬಿಡುತ್ತೇವೆ, ಒದೆ ಬಿದ್ದರೆ ಡಾಕ್ಟರ್ ಖರ್ಚು ಯಾರದು, ಹಿಂಗಾಲ ಲಾಳ ತೆಗೆಸಲು ಒಪ್ಪಿಗೆ ಇದೆಯಾ, ಎಲ್ಲ ಕಾಗದದಲ್ಲಿ ಬರೆದು ಸಹಿ ಹಾಕಿಸಿಕೊಳ್ಳಿ. ಇಷ್ಟು ಆದ ಮೇಲೂ "ನಮ್ಮದಕ್ಕೆ ಒಂದು ಗೀರು ಬೀಳಬಾರದು" ಅಂದರೆ, ಶೋ ಕುದುರೆ ಇರಬಹುದು, ಅವರ ಹಣ, ಅವರ ಮಾತು. ಆಗ ನಾನು ಕೇಳುವುದು ಒಂದೇ: ಪಕ್ಕದ ಅಂಗಳದಲ್ಲಿ ಜೊತೆ ಇರಲಿ, ನಡುವಿನ ಗಳದ ಬೇಲಿ ಮೇಲಿಂದ ಕೆರೆದುಕೊಳ್ಳಲು ಬಿಡಿ. ಇದಕ್ಕೂ ಒಪ್ಪದವರ ಕುದುರೆಯನ್ನು ನಾನು ಇಟ್ಟುಕೊಳ್ಳುವುದಿಲ್ಲ.

ಗುಂಪು ಕೂತ ಮೇಲೂ ವಾರಕ್ಕೊಮ್ಮೆ ಮೈಮೇಲೆ ಕೈ ಆಡಿಸಿ. ಚಪ್ಪೆ, ಪಕ್ಕೆಗಳಲ್ಲಿ ಕೂದಲು ಕಿತ್ತ ಸಣ್ಣ ಗುರುತು ಇರುತ್ತದೆ, ಪರವಾಗಿಲ್ಲ. ವಾರ ವಾರ ಹೊಸ ಗುರುತು ಒಂದೇ ಕುದುರೆಯ ಮೇಲೆ ಬೀಳುತ್ತಿದ್ದರೆ, ಅದರ ಪಕ್ಕೆಲುಬು ಕಾಣಲು ಶುರುವಾದರೆ, ಅದಕ್ಕೆ ಆ ಗುಂಪು ಹಿಡಿಸಿಲ್ಲ. ಆ ಗುಂಪು ಹಿಡಿಸದಿದ್ದರೆ ಇನ್ನೊಂದು ಜೊತೆ ಹುಡುಕಿ.

ನಿಮ್ಮ ತೋಟದಲ್ಲಿ ಇರುವುದೇ ಒಂದು ಕುದುರೆ, ಎರಡನೆಯದನ್ನು ಸಾಕಲು ಆಗುವುದಿಲ್ಲ ಅನ್ನುವವರು ಮೇಕೆ ಇಡಬಹುದಾ ಅಂತ ಕೇಳುತ್ತಾರೆ. ಏನೂ ಇಲ್ಲದಿರುವುದಕ್ಕಿಂತ ಮೇಕೆ ವಾಸಿ, ಅಷ್ಟೇ. ಕತ್ತೆ ಅದಕ್ಕಿಂತ ಒಳ್ಳೆಯ ಜೊತೆ. ಆದರೆ ಕತ್ತೆಯ ಶ್ವಾಸಕೋಶದ ಹುಳು ಕುದುರೆಗೆ ಹತ್ತುತ್ತದೆ, ಮೊದಲು ಹುಳುವಿನ ಔಷಧಿ ಕೊಡಿಸಿ. ಗ್ಲ್ಯಾಂಡರ್ಸ್ ಪರೀಕ್ಷೆ ಅದಕ್ಕೂ ಆಗಬೇಕು. ಕುದುರೆಯಷ್ಟೇ ಮೇವು ಹಾಕಿದರೆ ಕತ್ತೆ ಊದಿಕೊಳ್ಳುತ್ತದೆ, ಅದಕ್ಕೆ ಒರಟು ಹುಲ್ಲು ಸಾಕು. ಅದೂ ಆಗದಿದ್ದರೆ ಹತ್ತಿರದಲ್ಲಿ ಇನ್ನೊಬ್ಬರ ಒಂಟಿ ಕುದುರೆ ಇದೆಯಾ ವಿಚಾರಿಸಿ. ನಮ್ಮ ಹೋಬಳಿಯಲ್ಲೇ ಹೀಗೆ ಎರಡು ತೋಟದವರು ಮಾತಾಡಿಕೊಂಡು, ಆರು ತಿಂಗಳು ಇವರ ಬಯಲು, ಆರು ತಿಂಗಳು ಅವರ ಬಯಲು ಅಂತ ಎರಡನ್ನೂ ಒಟ್ಟಿಗೆ ಸಾಕುತ್ತಿದ್ದಾರೆ. ಹುಲ್ಲಿನ ಖರ್ಚು ಅರ್ಧ ಅರ್ಧ, ಬೇಲಿ ರಿಪೇರಿ ಅವರವರದು.